ರಾಜ್ಯೋತ್ಸವದ ರೂಪಕದಲ್ಲಿ ಕ್ರೈಸ್ತ ಪಾತ್ರಕ್ಕೆ ಕೋಟು, ಹ್ಯಾಟು. ಇದಕ್ಕೆ ಬದಲಾಗಿ ಏನು ಮಾಡಬಹುದು?

ಅರ್ಕಾವತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಇದ್ದೇನೆ. ಈ ಸಲ ನವೆಂಬರ್ 1ಕ್ಕೆ ನಾಡಗೀತೆಯನ್ನು ಇಟ್ಟುಕೊಂಡು ಒಂದು ಸಣ್ಣ ರೂಪಕ ಮಾಡುತ್ತಿದ್ದೇವೆ. ಕುವೆಂಪು ಅವರ ಪದ್ಯದಲ್ಲಿ 'ಸರ್ವ ಜನಾಂಗದ ಶಾಂತಿಯ ತೋಟ' ಆದಮೇಲೆ 'ಹಿಂದೂ ಕ್ರೈಸ್ತ ಮುಸಲ್ಮಾನ' ಅಂತ ಬರುತ್ತದಲ್ಲ, ಆ ಜಾಗದಲ್ಲಿ ಒಬ್ಬೊಬ್ಬರೇ ವೇದಿಕೆಗೆ ಬಂದು ಎರಡು ಮಾತಾಡಿ ನಿಲ್ಲಬೇಕು.

ರಿಹರ್ಸಲ್‌ನಲ್ಲಿ ವೇಷದ ಪಟ್ಟಿ ಕೈಗೆ ಬಂತು. ಕ್ರೈಸ್ತನಿಗೆ ಕರಿ ಕೋಟು, ಹ್ಯಾಟು, ಎದೆ ಮೇಲೆ ಅಂಗೈಯಗಲದ ಶಿಲುಬೆ. ಅವನ ಹೆಂಡತಿಗೆ ಮಂಡಿವರೆಗಿನ ಫ್ರಾಕು. ಮಾತು ಹೀಗಿದೆ: "ಹಲೋ ಮ್ಯಾನ್, ನಾನು ಕೂಡಾ ಕನ್ನಡ ಮಾತಾಡ್ತದೆ." ಇಲ್ಲಿ ಜನ ನಗುತ್ತಾರೆ ಅಂತ ಪಕ್ಕದಲ್ಲೇ ಬರೆದಿದೆ.

ನಾನು ಕೂಡಲೇ ಬೇಡ ಅಂದೆ. ನಮ್ಮ ನಿರ್ದೇಶಕರು ಕೆಟ್ಟವರಲ್ಲ, ಹಿರಿಯರು, ರಂಗಭೂಮಿಗೆ ಬದುಕು ಕೊಟ್ಟವರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಜನಕ್ಕೆ ಹತ್ತು ಸೆಕೆಂಡಿನಲ್ಲಿ ಇವನು ಕ್ರೈಸ್ತ ಅಂತ ಗೊತ್ತಾಗಬೇಕಲ್ಲಮ್ಮ. ಕೋಟು ಬೇಡ ಅಂದರೆ ಏನು ಹಾಕಿಸಲಿ, ನೀನೇ ಹೇಳು." ಈ ವಾರದೊಳಗೆ ಹೇಳಬೇಕು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ನಾನೂ ಕ್ರೈಸ್ತಳೇ. ನಮ್ಮೂರು ಕನಕಪುರದ ಕಡೆ. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಭಾನುವಾರ ಪೂಜೆಗೆ ಹೋಗುವಾಗ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವಲ್ಲು. ಅಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಜಪಸರ ಹಿಡಿಯುತ್ತಿದ್ದರು. ದೊಡ್ಡಪ್ಪನ ಹೆಸರು ಚೌರಪ್ಪ, ಪಕ್ಕದ ಮನೆಯವರು ಇನ್ನಾಸಪ್ಪ, ಅಜ್ಜಿ ಮದಲೇನಮ್ಮ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಇರಲೇ ಇಲ್ಲ.

ತಪಸ್ಸು ಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಬಂತು ಅಂದರೆ ನಮ್ಮ ಕಡೆ ಯೇಸುಸ್ವಾಮಿಯ ಪಾಡಿನ ನಾಟಕ, ಅವರು ಅನುಭವಿಸಿದ ಯಾತನೆಯ ಕಥೆ. ಹಾರೋಬೆಲೆಯ ನಾಟಕದ ಬಗ್ಗೆ ಕೆಲವರು ಕೇಳಿರಬಹುದು, ಅಲ್ಲಿ ಊರಿಗೆ ಊರೇ ನಿಂತು ಆಡುತ್ತದೆ. ನಮ್ಮೂರಲ್ಲಿ ಅಷ್ಟು ದೊಡ್ಡದಲ್ಲ. ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತ ಹೇಗೆ ಬರುತ್ತಾನೆ ಗೊತ್ತಾ? ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ. ಪರದೆ ಮೇಲೆ ಹೋಗುತ್ತದೆ. ಪಿಲಾತ ಒಂದು ಕಂದ ಹಾಡಿ, ಮೀಸೆ ತಿರುವಿ, ಆಮೇಲೆ ಸಿಂಹಾಸನದಲ್ಲಿ ಕೂರುತ್ತಾನೆ. ಕಿರೀಟ, ಭುಜಕೀರ್ತಿ, ಕತ್ತಿ ಎಲ್ಲಾ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಹಿಂದಿನ ವಾರ ಬೇರೆ ಊರಿನ ಕುರುಕ್ಷೇತ್ರದಲ್ಲಿ ದುರ್ಯೋಧನ ಹಾಕಿಕೊಂಡ ಕಿರೀಟವೇ ನಮ್ಮ ಪಿಲಾತನ ತಲೆ ಮೇಲೆ. ಚಾಟಿಯೇಟಿನ ದೃಶ್ಯ ಬಂದಾಗ ಅಕ್ಕಪಕ್ಕದ ಹಳ್ಳಿಯಿಂದ ಬಂದ ಹೆಂಗಸರು, ಚರ್ಚಿನ ಒಳಗೆ ಕಾಲಿಡದವರೂ, ಕಣ್ಣೊರೆಸಿಕೊಳ್ಳುತ್ತಾರೆ.

ಇಂಥ ಊರಿಂದ ಬಂದ ನನಗೆ ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಕಾಣುವ ಕ್ರೈಸ್ತರು ಯಾರು ಅಂತಲೇ ಗೊತ್ತಾಗುವುದಿಲ್ಲ. ಖಳನ ಬಲಗೈ ಬಂಟನ ಹೆಸರು ಪೀಟರ್. ಬಾರಿನಲ್ಲಿ ಕುಣಿಯುವವಳು ರೋಸಿ. ಇಲ್ಲವೇ ಮೇಣದಬತ್ತಿ ಹಿಡಿದುಕೊಂಡು ಎಲ್ಲರಿಗೂ ಬುದ್ಧಿ ಹೇಳುವ ಫಾದರ್. ಹೊಲದಲ್ಲಿ ಕಳೆ ಕೀಳುವ, ಸಂಘದಲ್ಲಿ ಸಾಲ ಕಟ್ಟುವ, ಮಗಳ ಮದುವೆಗೆ ಓಡಾಡುವ ಕ್ರೈಸ್ತ ಒಬ್ಬನೂ ಇಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ನಾವು ನೂರಕ್ಕೆ ಎರಡಕ್ಕಿಂತ ಕಡಿಮೆ, 1.87. ಹಾಗಾಗಿ ಬಹಳಷ್ಟು ಜನ ನಮ್ಮನ್ನು ನೋಡುವುದೇ ತೆರೆಯ ಮೇಲೆ. ಅಲ್ಲಿ ಹೊರಗಿನವರ ಹಾಗೆ ಕಂಡರೆ ಬೀದಿಯಲ್ಲೂ ಹಾಗೇ ಕಾಣುತ್ತೇವೆ. ನನ್ನ ಮಗಳನ್ನು ಶಾಲೆಯಲ್ಲಿ ಸಹಪಾಠಿಯೊಬ್ಬಳು ಕೇಳಿದಳಂತೆ, "ನಿಮ್ಮದು ಯಾವ ದೇಶ?" ಅಂತ.

ದಯವಿಟ್ಟು ಹೇಳಿ. ವೇಷ ಏನಿರಬೇಕು? ಮಾತು ಏನಿರಬೇಕು? ಬೇರೆ ಬೇರೆ ಕಡೆಯ ಕ್ರೈಸ್ತರು ಬರೆದರೆ ತುಂಬಾ ಉಪಕಾರ. ಕ್ರೈಸ್ತರಲ್ಲದವರೂ ಬರೆಯಿರಿ, ನೋಡುವವರು ನೀವೇ ಅಲ್ವಾ.

ಬೆಟಗೇರಿ ಹಿರಿಯ

ತಂಗಿ, ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ನಮ್ಮದು ಬಾಸೆಲ್ ಮಿಶನ್ ಮನೆತನ, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ ಅದು. ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅನ್ನುತ್ತಾರೆ, ಹಳಬರು ಈಗಲೂ ಮಿಶನ್ ಅಂತಲೇ ಕರೆಯುತ್ತಾರೆ. ಅಜ್ಜ ಮಗ್ಗದಲ್ಲಿ ಕೂತು ನೇಯುತ್ತಿದ್ದವರು. ಆರಾಧನೆಗೆ ಹೋಗುವಾಗ ತಲೆಗೆ ರುಮಾಲು, ಮೈಮೇಲೆ ನಿಲುವಂಗಿ, ಧೋತರ. ಅಜ್ಜಿಗೆ ಇಳಕಲ್ ಸೀರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಿದ್ದರು. ಕೋಟು ಹಾಕಿಕೊಂಡವರು ಮದುವೆಯ ದಿನದ ವರ ಮತ್ತು ಪಾಠಶಾಲೆಯ ಹೆಡ್‌ಮಾಸ್ತರು, ಅಷ್ಟೇ ರೀ. ಆ ಕಾಲಕ್ಕೆ ಎಲ್ಲ ಜಾತಿಯ ಹೆಡ್‌ಮಾಸ್ತರರೂ ಕೋಟು ಹಾಕುತ್ತಿದ್ದರು.

ನನ್ನ ಸಲಹೆ ಇದು. ಆ ಪಾತ್ರದ ಕೈಯಲ್ಲಿ ಕಿಟೆಲ್ ಅವರ ನಿಘಂಟನ್ನು ಕೊಡಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಸುಮಾರು 70,000 ಶಬ್ದ. ಕನ್ನಡದಲ್ಲಿ ಸಂಶೋಧನೆ ಮಾಡುವವರು ಇವತ್ತಿಗೂ ಅದನ್ನು ತೆಗೆಯದೆ ಮುಂದೆ ಹೋಗುವುದಿಲ್ಲ. ಅದಕ್ಕೂ ಹಿಂದೆ 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರು 'ಮಂಗಳೂರು ಸಮಾಚಾರ' ತೆಗೆದರು. ಕನ್ನಡದ ಮೊದಲ ಪತ್ರಿಕೆ ಅದು. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವಲ್ಲ, ಅದು ಇದೇ ಕಾರಣಕ್ಕೆ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅದೇ ಮೊಗ್ಲಿಂಗ್. ಪುರಂದರದಾಸರ ಪದ ಮಿಶನ್ನಿನ ಪ್ರೆಸ್ಸಿನಿಂದ ಬಂದದ್ದು ಎಷ್ಟು ಜನಕ್ಕೆ ಗೊತ್ತು? ಇದನ್ನು ವೇದಿಕೆ ಮೇಲೆ ಹೇಳಿಸಿ. ಕ್ರೈಸ್ತರು ಕನ್ನಡಕ್ಕೆ ಏನು ಮಾಡಿದರು ಅನ್ನುವುದು ಅಲ್ಲಿಗೆ ಮುಗಿಯಿತು, ಯಾರೂ ತುಟಿ ಬಿಚ್ಚುವುದಿಲ್ಲ.

ಹಾಡು ಬೇಕಾದರೆ ತಿಳಿಸಿ. ನಮ್ಮ ಸಂಗೀತ ಪುಸ್ತಕದಲ್ಲಿ ಜರ್ಮನ್ ರಾಗದವೂ ಇವೆ, ನಮ್ಮ ರಾಗತಾಳದವೂ ಇವೆ.

ಕುಡ್ಲದವಳು

ಅರ್ಕಾವತಿ ಅಕ್ಕ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. "ಮಾತಾಡ್ತದೆ ಮ್ಯಾನ್" ಅನ್ನುವ ಸಾಲು ಇವತ್ತೇ ಹೋಗಬೇಕು. ಆದರೆ ಫ್ರಾಕಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮಂಗಳೂರಿನ ಮನೆಗಳಲ್ಲಿ ಫ್ರಾಕು ಹಾಕಿದವರು ಇದ್ದರು, ಈಗಲೂ ಇದ್ದಾರೆ. ನನ್ನ ಅತ್ತೆಯಂದಿರು ಎಪ್ಪತ್ತರ ದಶಕದ ಫೋಟೋಗಳಲ್ಲಿ ಮಂಡಿವರೆಗಿನ ಫ್ರಾಕಿನಲ್ಲೇ ನಿಂತಿದ್ದಾರೆ. ಅವರು ಕನ್ನಡ ನಾಡಿನವರಲ್ಲವಾ?

ನಮ್ಮ ಮನೆಮಾತು ಕೊಂಕಣಿ. ಅದನ್ನು ಬರೆಯುವುದು ಕನ್ನಡ ಅಕ್ಷರದಲ್ಲಿ. 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯಲ್ಲೇ ಬರುವ ಕೊಂಕಣಿ ಪತ್ರಿಕೆ. ಅಪ್ಪ ಪ್ರತಿ ವಾರ ಅದನ್ನು ಮೊದಲ ಪುಟದಿಂದ ಮರಣ ವಾರ್ತೆವರೆಗೆ ಓದಿ ಮುಗಿಸುತ್ತಾರೆ. ಮದುವೆಯ ಹಿಂದಿನ ದಿನ ರೋಸ್ ಅನ್ನುವ ಶಾಸ್ತ್ರ, ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಮಾರನೆಯ ದಿನ ಚರ್ಚಿನಲ್ಲಿ ಬಿಳಿ ಗೌನು, ಆಮೇಲೆ ಕೆಂಪು ಸಾಡೊ ಸೀರೆ, ಕುತ್ತಿಗೆಗೆ ಕರಿಮಣಿ. ಜೊತೆಗೆ ಬ್ರಾಸ್ ಬ್ಯಾಂಡು. ಇದರಲ್ಲಿ ಯಾವುದು ದೇಶಿ, ಯಾವುದು ವಿದೇಶಿ ಅಂತ ನಾವು ಯಾವತ್ತೂ ವಿಂಗಡಿಸಿ ನೋಡಿಲ್ಲ. ಎಲ್ಲವೂ ನಮ್ಮದೇ.

ನನಗೆ ಭಯ ಏನು ಗೊತ್ತಾ? ಪಂಚೆ ಉಟ್ಟ ಕ್ರೈಸ್ತ ಮಾತ್ರ ಅಸಲಿ, ಗೌನು ಹಾಕಿದವಳು ನಕಲಿ ಅಂತ ನಾವೇ ಒಪ್ಪಿಕೊಂಡ ಹಾಗೆ ಆಗಬಾರದು. 1784ರಲ್ಲಿ ನಮ್ಮ ಹಿರಿಯರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಬಂದ ಅನುಮಾನವೂ ಇದೇ, ಇವರು ಹೊರಗಿನವರ ಕಡೆಯವರು ಅಂತ. ಸೆರೆಯಲ್ಲಿದ್ದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಬದುಕಿ ಉಳಿದವರಲ್ಲಿ ಬಹಳ ಜನ ವಾಪಸ್ಸು ಬಂದು ಅದೇ ಮಣ್ಣಿನಲ್ಲಿ ಗದ್ದೆ ಮಾಡಿದರು. ಮುಂದೆ ಸಂವಿಧಾನ ಸಭೆಯಲ್ಲಿ ಕೂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಪಾದ್ರಿಯೂ ಇದ್ದರು, ಜೆರೋಮ್ ಡಿಸೋಜ. ಅವರು ಹಾಕುತ್ತಿದ್ದದ್ದು ಪಾದ್ರಿಗಳ ನಿಲುವಂಗಿ. ಅದರಿಂದ ಅವರ ಭಾರತೀಯತೆ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ.

ಸಲಹೆ ಬೇಕಿದ್ದರೆ, ಕೈಯಲ್ಲಿ ಭತ್ತದ ತೆನೆ ಕೊಡಿ. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಮೊಂತಿ ಫೆಸ್ತ್, ಪೇಪರಿನವರು ತೆನೆ ಹಬ್ಬ ಅಂತ ಬರೆಯುತ್ತಾರೆ. ಮಕ್ಕಳು ಬಟ್ಟಲಲ್ಲಿ ಹೂ ತಂದು ಮಾತೆ ಮರಿಯಮ್ಮನಿಗೆ ಹಾಕುತ್ತಾರೆ. ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿ ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುವುದು. ಅವತ್ತು ಮೀನು ಮಾಂಸ ಇಲ್ಲ. ದೂರದ ಊರಲ್ಲಿದ್ದವರಿಗೆ ಒಂದೆರಡು ಕಾಳನ್ನು ಕಾಗದದಲ್ಲಿ ಮಡಿಸಿ ಕಳಿಸುತ್ತಾರೆ. ನನಗೂ ಹೀಗೆ ಬರುತ್ತದೆ, ಅಮ್ಮ ಕಳಿಸುತ್ತಾರೆ.

ರಂಗದ ಹಿಂದೆ

ನಾನು ಕ್ರೈಸ್ತನಲ್ಲ. ಬೆಳಕಿನ ಕೆಲಸ, ಸೆಟ್ಟಿನ ಕೆಲಸ ಮಾಡುವವನು. ನಿಮ್ಮ ನಿರ್ದೇಶಕರ ಹತ್ತು ಸೆಕೆಂಡಿನ ಮಾತು ಸುಳ್ಳಲ್ಲ ಮೇಡಂ. ಬಯಲಲ್ಲಿ ಕೂತ ಜನ, ಮಕ್ಕಳ ಗಲಾಟೆ, ಮೈಕು ಕೈಕೊಡುತ್ತದೆ. ಅಲ್ಲಿ ಸೂಕ್ಷ್ಮ ಯಾರಿಗೂ ತಲುಪುವುದಿಲ್ಲ. ಹಾಗಾಗಿ ಗುರುತು ಬೇಡ ಅನ್ನಬೇಡಿ, ಬೇರೆ ಗುರುತು ಕೊಡಿ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಅನಿಸಿತು. ಹೆಸರು. ಪಂಚೆ ಉಟ್ಟ ಒಬ್ಬ ರೈತ ಬಂದು "ನಾನು ಇನ್ನಾಸಪ್ಪ, ಇವಳು ನನ್ನ ಹೆಂಡತಿ ಲೂರ್ದಮ್ಮ" ಅಂದರೆ ಸಾಕು. ಗೊತ್ತಿದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ಗೊತ್ತಿಲ್ಲದವರು ಪಕ್ಕದವರನ್ನು ಕೇಳುತ್ತಾರೆ. ಕೇಳಲಿ, ಅದೇ ಒಳ್ಳೆಯದು.

ಎರಡನೆಯದು, ಒಬ್ಬೊಬ್ಬರೇ ಬಂದು ಸಾಲಾಗಿ ನಿಲ್ಲುವ ರಚನೆಯೇ ಸರಿ ಇಲ್ಲ. ಶಾಲೆಯ ಛದ್ಮವೇಷ ಸ್ಪರ್ಧೆ ಆಗಿಬಿಡುತ್ತದೆ. ಸಾಲಾಗಿ ನಿಲ್ಲಿಸಿದರೆ ಪ್ರತಿಯೊಬ್ಬರಿಗೂ ಎದ್ದು ಕಾಣುವ ವೇಷ ಬೇಕೇ ಬೇಕು. ಎಲ್ಲರಿಗೂ ಒಂದು ಕೆಲಸ ಕೊಡಿ. ಚಪ್ಪರ ಕಟ್ಟಲಿ, ತೋರಣ ಕಟ್ಟಲಿ. ಕೆಲಸ ಮಾಡುತ್ತಾ ಮಾತಾಡಲಿ. ಆಗ ಯಾರೂ ತನ್ನ ಧರ್ಮದ ಬೋರ್ಡು ಹಾಕಿಕೊಂಡು ನಿಲ್ಲಬೇಕಾಗಿಲ್ಲ.

ಚಿನ್ನದ ಗಣಿ ಕಡೆಯವನು

ಬೆಟಗೇರಿಯ ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ. ಕಿಟೆಲ್ ದೊಡ್ಡವರು, ಅನುಮಾನವೇ ಇಲ್ಲ. ಆದರೆ ಅವರು ಜರ್ಮನಿಯಲ್ಲಿ ಹುಟ್ಟಿದವರು, 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡವರು. ನಾವು ಈ ನಾಡಿನವರು ಅಂತ ತೋರಿಸಲು ಹೊರದೇಶದಿಂದ ಬಂದವರ ಹೆಸರು ಹೇಳುವುದಾ ಸರ್? ಅಲ್ಲಿಗೆ ನಾಟಕ ನೋಡಿದವರು ಏನು ತಿಳಿದುಕೊಳ್ಳುತ್ತಾರೆ? ಕ್ರೈಸ್ತರು ಹೊರಗಿನಿಂದ ಬಂದರು, ಆದರೆ ಒಳ್ಳೆಯ ಕೆಲಸ ಮಾಡಿದರು ಅಂತ. ನಾನು ಎಲ್ಲಿಂದಲೂ ಬಂದಿಲ್ಲ. ನಮ್ಮ ಮುತ್ತಾತ ಇದ್ದ ಕೇರಿಯಲ್ಲೇ ನಾನೂ ಹುಟ್ಟಿದ್ದು.

ನಮ್ಮದು ದಲಿತ ಕುಟುಂಬ. ತಾತ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅವರ ಹೊಲ ಬದಲಾಗಲಿಲ್ಲ, ಕೇರಿ ಬದಲಾಗಲಿಲ್ಲ, ಹೋಟೆಲಿನಲ್ಲಿ ಬೇರೆ ಲೋಟ ಇಡುವುದೂ ಬದಲಾಗಲಿಲ್ಲ. ಬದಲಾದದ್ದು ಸರ್ಕಾರದ ಕಾಗದ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಧರ್ಮ ಬಿಟ್ಟವರು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ತಿದ್ದುಪಡಿ ಮಾಡಿ ಸಿಖ್ ದಲಿತರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ನಮಗೆ ಪ್ರವರ್ಗ 1. ಅದು ಹಿಂದುಳಿದ ವರ್ಗದ ಪಟ್ಟಿ, ಪರಿಶಿಷ್ಟ ಜಾತಿಯದ್ದಲ್ಲ. ಊರವರ ಕಣ್ಣಿಗೆ ನಾವು ಹಳೇ ಜಾತಿಯವರೇ, ಕಚೇರಿಯ ಕಣ್ಣಿಗೆ ಬೇರೆ. ಚರ್ಚಿನ ಒಳಗೂ ಜಾತಿ ಇದೆ ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ, ಎಷ್ಟೋ ಕಡೆ ಸಮಾಧಿ ಜಾಗ ಕೂಡ ಬೇರೆ ಬೇರೆ ಇತ್ತು.

ಅದಕ್ಕೇ ನನ್ನ ಕೋರಿಕೆ. ಆ ಪಾತ್ರದಿಂದ ದೇಶಭಕ್ತಿಯ ಭಾಷಣ ಮಾಡಿಸಬೇಡಿ. ಸಿನಿಮಾದಲ್ಲಿ ಅಲ್ಪಸಂಖ್ಯಾತ ಪಾತ್ರ ಎರಡೇ ರೀತಿ. ಒಂದೋ ದ್ರೋಹಿ, ಇಲ್ಲವೇ ಕೊನೆಯಲ್ಲಿ ದೇಶಕ್ಕಾಗಿ ಗುಂಡೇಟು ತಿಂದು ಸಾಯುವ ಒಳ್ಳೆಯವನು. ಸುಮ್ನೆ ಬದುಕುವ ಅವಕಾಶವೇ ಇಲ್ಲ. ಉಳಿದ ಪಾತ್ರಗಳು ಬಂದು ಮಳೆ ಬೆಳೆ ಮಾತಾಡಿ ಹೋಗುವಾಗ ಕ್ರೈಸ್ತ, ಮುಸಲ್ಮಾನ ಮಾತ್ರ "ನಾವೂ ಈ ನೆಲದವರೇ" ಅಂತ ಯಾಕೆ ಹೇಳಬೇಕು?

ಕೇರಳದ ಮೂರು ಮಕ್ಕಳ ಪ್ರಕರಣ ನೆನಪಿಸುತ್ತೇನೆ. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪು, ಮಕ್ಕಳನ್ನು ವಾಪಸ್ಸು ಸೇರಿಸಿಕೊಳ್ಳಿ ಅಂದಿತು. ಆ ಪಂಗಡದ ನಂಬಿಕೆ ನನ್ನದಲ್ಲ, ನಾನು ಹಾಡುತ್ತೇನೆ. ಆದರೆ ದೇಶ ಅಂದರೆ ಏನು ಅನ್ನುವುದನ್ನು ನಾನು ಆ ತೀರ್ಪಿನಿಂದ ಕಲಿತೆ.

ಕ್ರಿಸ್ಮಸ್ ಸಮಯದಲ್ಲಿ ನಮ್ಮ ಕೇರಿಗೆ ಬನ್ನಿ. ಬಿದಿರು ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುತ್ತೇವೆ. ರಾತ್ರಿ ತಮಟೆ ಹಿಡಿದು ಮನೆ ಮನೆಗೆ ಹಾಡುತ್ತಾ ಹೋಗುತ್ತೇವೆ. ಮುನೇಶ್ವರನ ಪೂಜೆ ಮಾಡುವ ಮನೆಯವರೂ ಬಾಗಿಲು ತೆಗೆದು ಬಾಳೆಹಣ್ಣು, ದುಡ್ಡು ಕೊಡುತ್ತಾರೆ. ಅವರ ಹಬ್ಬಕ್ಕೂ ತಮಟೆ ನಮ್ಮದೇ.

ಬೆಟಗೇರಿ ಹಿರಿಯ

ತಮ್ಮಾ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಒಂದು ಮಾತು ಸೇರಿಸುತ್ತೇನೆ. ಮಿಶನ್ನಿನ ಕಥೆ ಅಂದರೆ ಬರೀ ಜರ್ಮನಿಯವರ ಕಥೆ ಅಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು, ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಬಂದರು. ಕೊಡಗಿನ ಆನಂದಪುರಕ್ಕೆ ಅವರದೇ ಹೆಸರು. ಕ್ರೈಸ್ತರಾದರು ಅಂತ ಊರಿಂದ ಹೊರಗೆ ಹಾಕಿಸಿಕೊಂಡವರು ಬಹಳ ಜನ ಇದ್ದರು. ಅವರಿಗೆ ಅನ್ನಕ್ಕೆ ದಾರಿ ಆಗಲಿ ಅಂತಲೂ ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ ಬಂದವು. ನಮ್ಮ ಅರ್ಧ ರಾಜ್ಯದ ಹಳೇ ಮನೆಗಳ ಮೇಲೆ ಕೂತಿರುವ ಮಂಗಳೂರು ಹೆಂಚನ್ನು ತುಳಿದು, ಒತ್ತಿ, ಸುಟ್ಟು ಮಾಡಿದ ಕೈಗಳು ಇಲ್ಲಿನವೇ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿಘಂಟಿನ ಬದಲು ಒಂದು ಹೆಂಚು ಕೊಡಿಸಬಹುದೇನೋ, ವಿಚಾರ ಮಾಡಿ ತಂಗಿ.

ನಿವೃತ್ತ ಸುಬೇದಾರ್

ನಾನು ಹಾಸನದವನು, ಹಿಂದೂ, ಸೇನೆಯಲ್ಲಿ ಇದ್ದವನು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ದೆಹಲಿಯಲ್ಲಿ ಪೋಸ್ಟಿಂಗ್ ಇದ್ದಾಗ ಜನವರಿ 29ರಂದು ವಿಜಯ ಚೌಕದಲ್ಲಿ ಬೀಟಿಂಗ್ ರಿಟ್ರೀಟ್, ಅಂದರೆ ಗಣರಾಜ್ಯೋತ್ಸವದ ಸಮಾರೋಪಕ್ಕೆ ಸೇನಾ ಬ್ಯಾಂಡುಗಳು ನುಡಿಸುವ ಕಾರ್ಯಕ್ರಮ ನೋಡಿದ್ದೇನೆ. ಕೊನೆಗೆ ಬ್ಯಾಂಡಿನವರು 'ಅಬೈಡ್ ವಿತ್ ಮಿ' ನುಡಿಸುತ್ತಿದ್ದರು. ಹೆನ್ರಿ ಫ್ರಾನ್ಸಿಸ್ ಲೈಟ್ ಅನ್ನುವ ಪಾದ್ರಿ 1847ರಲ್ಲಿ, ಸಾಯುವ ವರ್ಷ ಬರೆದ ಪ್ರಾರ್ಥನೆ. ಗಾಂಧೀಜಿಗೆ ಇಷ್ಟವಾದದ್ದು. ಬ್ಯಾಂಡು ನಿಧಾನಕ್ಕೆ ನುಡಿಸುತ್ತದೆ, ಎತ್ತರದಿಂದ ಗಂಟೆಯ ದನಿ ಉತ್ತರ ಕೊಡುತ್ತದೆ. ನನ್ನ ಪಕ್ಕ ನಿಂತಿದ್ದವನು ಸಿಖ್ಖ, ಆಚೆ ಪಕ್ಕ ನಾಗಾ ಹುಡುಗ. ಅದು ಯಾರ ಧರ್ಮದ ಹಾಡು ಅಂತ ನಮಗೆ ಯಾರಿಗೂ ಆ ಕ್ಷಣ ಅನಿಸಲಿಲ್ಲ. ತೀರಿಕೊಂಡ ಜೊತೆಗಾರರ ಮುಖ ಕಣ್ಣ ಮುಂದೆ ಬರುತ್ತಿತ್ತು.

2022ರಲ್ಲಿ ಆ ಹಾಡನ್ನು ಬಿಟ್ಟರು. ಆ ವರ್ಷ 'ಏ ಮೇರೆ ವತನ್ ಕೇ ಲೋಗೋ' ನುಡಿಸಿದರು. ಅದೂ ನಮ್ಮ ಕಣ್ಣಲ್ಲಿ ನೀರು ತರಿಸುವ ಹಾಡೇ. ಒಂದು ಇರಬೇಕಾದರೆ ಇನ್ನೊಂದು ಹೋಗಬೇಕಿತ್ತಾ ಅನ್ನುವುದಷ್ಟೇ ನನ್ನ ನೋವು. ಹಳೇ ಹಾಡು ನನಗೂ ಸೇರಿದ್ದಾಗಿತ್ತು. ನಿಮ್ಮ ರೂಪಕದಲ್ಲಿ ಕ್ರೈಸ್ತರ ಒಂದು ಹಾಡಿನ ಎರಡು ಸಾಲು ಬಂದರೆ ಯಾರೂ ಬೇಡ ಅನ್ನಬಾರದು.

ಅರ್ಕಾವತಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಡೀ ಚರ್ಚೆಯನ್ನು ಪ್ರಿಂಟ್ ತೆಗೆದು ನಿರ್ದೇಶಕರಿಗೆ ಕೊಟ್ಟೆ. ಅವರು ರಾತ್ರಿ ಕೂತು ಓದಿದ್ದಾರೆ. ಬೆಳಿಗ್ಗೆ ಫೋನು ಮಾಡಿ "ಸಾಲು ಬೇಡಮ್ಮ, ಚಪ್ಪರ ಮಾಡೋಣ" ಅಂದರು. 'ರಂಗದ ಹಿಂದೆ' ಅವರಿಗೆ ವಿಶೇಷ ಧನ್ಯವಾದ.

ಈಗಿನ ಯೋಜನೆ ಹೀಗಿದೆ. ಊರ ನಡುವೆ ರಾಜ್ಯೋತ್ಸವದ ಚಪ್ಪರ ಕಟ್ಟುತ್ತಿದ್ದಾರೆ. ಎಲ್ಲರೂ ಕೆಲಸದಲ್ಲಿ ಇದ್ದಾರೆ. ಇನ್ನಾಸಪ್ಪ ಪಂಚೆ ಮೇಲೆ ಕಟ್ಟಿ ಏಣಿ ಹತ್ತಿ ಹಗ್ಗ ಬಿಗಿಯುತ್ತಿದ್ದಾನೆ. ಲೂರ್ದಮ್ಮ ಮಾವಿನ ಸೊಪ್ಪು ಪೋಣಿಸುತ್ತಿದ್ದಾಳೆ. ಮಂಗಳೂರಿನಿಂದ ಅವರ ಮನೆಗೆ ಸೊಸೆಯಾಗಿ ಬಂದ ಹುಡುಗಿ ಫ್ರಾಕಿನಲ್ಲೇ ಇರುತ್ತಾಳೆ, ಕೈಯಲ್ಲಿ ತವರಿನಿಂದ ಬಂದ ತೆನೆ. ಅದನ್ನು ತೋರಣದ ನಡುವೆ ಸಿಕ್ಕಿಸುತ್ತಾಳೆ. ತಮಟೆಯವನು ಬರುತ್ತಾನೆ, ಅವನ ಹೆಸರು ಯೇಸುದಾಸ. ಅವನಿಗೆ ಒಂದು ಮಾತು ಬರೆದಿದ್ದೇನೆ. "ಜಾತಿ ಸರ್ಟಿಫಿಕೇಟ್‌ಗೆ ಮತ್ತೆ ತಾಲೂಕು ಕಚೇರಿಗೆ ಬಾ ಅಂದಿದ್ದಾರೆ, ನಾಳೆ ಹೋಗಬೇಕು." ಅಷ್ಟೇ. ವಿವರಣೆ ಇಲ್ಲ. ಭಾಷಣ ಯಾರದ್ದೂ ಇಲ್ಲ. ಮುಸಲ್ಮಾನ ಪಾತ್ರದ ಮಾತನ್ನೂ ಹೀಗೆ ಬದಲಾಯಿಸುತ್ತಿದ್ದೇವೆ. ಅದಕ್ಕೆ ನಮ್ಮ ತಂಡದ ಗೆಳೆಯನೊಬ್ಬ ಕೂತಿದ್ದಾನೆ, ಅವನ ಮನೆಯ ಮಾತು ಅವನಿಗೇ ಚೆನ್ನಾಗಿ ಗೊತ್ತು.

ಹೆಂಚು ಎಲ್ಲಿ ತರಲಿ ಅಂತ ನೋಡುತ್ತಿದ್ದೇನೆ ಸರ್. ಚಪ್ಪರಕ್ಕೆ ಹೆಂಚು ಹೊಂದುವುದಿಲ್ಲ. ಹಿಂದಿನ ಮನೆಯ ಸೆಟ್ಟಿನಲ್ಲಿ ಮಾಡು ತೋರಿಸಬಹುದು.

ಒಂದು ವಿಷಯಕ್ಕೆ ಮಾತ್ರ ನಿರ್ದೇಶಕರು ಒಪ್ಪಿಲ್ಲ. ಇನ್ನಾಸಪ್ಪನ ಕುತ್ತಿಗೆಯಲ್ಲಿ ಶಿಲುಬೆ ಇರಲೇಬೇಕಂತೆ. ಅಂಗೈಯಗಲದ್ದು ಬೇಡ, ಕರಿದಾರದಲ್ಲಿ ಸಣ್ಣದು ಅಂತ ನಾನು ಹೇಳಿದ್ದೇನೆ. ಅಪ್ಪನ ಕುತ್ತಿಗೆಯಲ್ಲೂ ಇದ್ದದ್ದು ಅದೇ. ಆ ಶಿಲುಬೆಯನ್ನು ಮರೆಮಾಚುವುದು ನನಗೂ ಬೇಡ. ನಮ್ಮ ನಂಬಿಕೆ ಇರುವುದೇ ಅದರ ಮೇಲೆ.

ಇನ್ನು ಉಳಿದದ್ದು ಹಾಡು. ಚಪ್ಪರ ಕಟ್ಟುವಾಗ ಲೂರ್ದಮ್ಮ ಗುನುಗಬೇಕು. ನಾಡಗೀತೆಯ ಮಧ್ಯದಲ್ಲಿ, 'ಕ್ರೈಸ್ತ' ಅಂತ ಬರುವಾಗ ನಿಲ್ಲಿಸಿ ಗುನುಗಿಸೋಣವಾ? ಹಿರಿಯರು ಹೇಳಬೇಕು.

ಬೆಟಗೇರಿ ಹಿರಿಯ

ಬೇಡ ತಂಗಿ, ನಾಡಗೀತೆಯನ್ನು ನಡುವೆ ನಿಲ್ಲಿಸಬೇಡಿ. 2004ರಲ್ಲಿ ಅದನ್ನು ನಾಡಗೀತೆ ಅಂತ ಘೋಷಿಸಿದರು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತು ಮಾಡಿತು, ಅವಧಿ 2 ನಿಮಿಷ 30 ಸೆಕೆಂಡು. ಒಡೆದು ಹಾಡಿದರೆ ಅದೇ ಒಂದು ತಕರಾರಾಗುತ್ತದೆ. ಚಪ್ಪರದ ದೃಶ್ಯ ಪೂರ್ತಿ ಮುಗಿಸಿ. ಆಮೇಲೆ ಎಲ್ಲರೂ ಕೆಲಸದ ಬಟ್ಟೆಯಲ್ಲೇ ನಿಂತು ಒಂದೇ ಉಸಿರಿಗೆ ಪೂರ್ತಿ ಹಾಡಿ. ಗುನುಗುವುದು ಮೊದಲೇ ಆಗಿರಲಿ. ನಮ್ಮ ಕಡೆ ಹೆಂಗಸರು ಕಾಳು ಹಸನು ಮಾಡುತ್ತಾ ಹಾಡುವ ಒಂದು ಕ್ರೈಸ್ತ ಪದ ಇದೆ, ಹಂತಿಯ ಧಾಟಿಯದ್ದು, ಅಂದರೆ ಕಣದಲ್ಲಿ ತೆನೆ ತುಳಿಸುವಾಗ ಹಾಡುವ ಧಾಟಿ. ನನ್ನ ತಂಗಿಯಿಂದ ಹಾಡಿಸಿ, ಧ್ವನಿ ಮುದ್ರಿಸಿ ಭಾನುವಾರ ಆರಾಧನೆ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ. ನಿಮ್ಮ ಲೂರ್ದಮ್ಮನ ಪಾತ್ರ ಮಾಡುವವರ ದನಿ ಎಷ್ಟು ಮೇಲೆ ಹೋಗುತ್ತದೆ ತಿಳಿಸಿ, ಶ್ರುತಿ ನೋಡಿಕೊಳ್ಳಬೇಕು.